ಬಿಸು ಊಟಕ್ಕೊಂದು ಮೇಜು: ಬಾಳೆಲೆ, ಹಳೆ ಸೀರೆ, ಒಂದು ಚೆಂಡು ಮಲ್ಲಿಗೆ

ನಮ್ಮ ಕರಾವಳಿಯಲ್ಲಿ ವಸಂತ ಬಂದದ್ದು ಮೊದಲು ಗೊತ್ತಾಗುವುದು ಮೂಗಿಗೆ. ಬೇಲಿಯಾಚೆ ಗೇರು ಹಣ್ಣು ಬಿದ್ದ ವಾಸನೆ, ಸುರಗಿ ಹೂವಿನ ಪರಿಮಳ, ಮಾವಿನ ಸೊನೆಯ ಘಾಟು. ಸೌರಮಾನದ ಲೆಕ್ಕದಲ್ಲಿ ಮೀನ, ಮೇಷ ತಿಂಗಳುಗಳು ವಸಂತ. ತುಳುವಿನಲ್ಲಿ ಹೇಳುವುದಾದರೆ ಸುಗ್ಗಿ ಮತ್ತು ಪಗ್ಗು. ಪಗ್ಗು ತಿಂಗಳ ಮೊದಲ ದಿನವೇ ಬಿಸು, ತುಳುವರ ಹೊಸ ವರ್ಷ. ಏಪ್ರಿಲ್ 14 ಅಥವಾ 15ಕ್ಕೆ ಬರುತ್ತದೆ. ಬೆಳಿಗ್ಗೆ ಕಣಿ, ಅಂದರೆ ದೇವರ ಮುಂದೆ ಜೋಡಿಸಿಟ್ಟ ಹಣ್ಣು, ತರಕಾರಿ, ಹೂ ನೋಡಿ, ಹಿರಿಯರ ಕಾಲು ಹಿಡಿದು, ಮಧ್ಯಾಹ್ನ ಎಲ್ಲರೂ ಸೇರಿ ಉಣ್ಣುವ ದಿನ.

ಉಡುಪಿಯ ನಮ್ಮ ಮನೆಯಲ್ಲಿ ಮೊದಲು ಬಿಸು ಊಟ ಅಂದರೆ ಚಾವಡಿಯ ನೆಲದಲ್ಲಿ ಸಾಲು ಎಲೆ. ಈಗ ದೊಡ್ಡವರಿಗೆ ಮೊಣಕಾಲು ಬಗ್ಗುವುದಿಲ್ಲ. ಹಾಗಾಗಿ ಊಟ ಮೇಜಿಗೆ ಬಂದಿದೆ. ಮೇಜಿಗೆ ಬಂದ ಮೊದಲ ವರ್ಷ ನಾನು ಬಹಳ ಆಸೆಯಿಂದ ಅಲಂಕಾರ ಮಾಡಿದ್ದೆ. ನಡುವೆ ಎತ್ತರದ ಹೂದಾನಿ, ಅದರ ಸುತ್ತ ರಾಶಿ ಮಲ್ಲಿಗೆ, ಎರಡು ಕಾಲುದೀಪ, ಒಂದು ತಟ್ಟೆ ತುಂಬ ಹಣ್ಣು. ಊಟ ಶುರುವಾದ ಮೇಲೆ ಬಡಿಸಲು ನನ್ನ ಕೈ ಎಲ್ಲಿಗೂ ಹೋಗಲಿಲ್ಲ. ಪಲ್ಯದ ಪಾತ್ರೆ ಇಡಲು ಜಾಗ ಇರಲಿಲ್ಲ. ಮಲ್ಲಿಗೆಯ ಪರಿಮಳದಲ್ಲಿ ಸಾರಿನ ಒಗ್ಗರಣೆಯ ಘಮವೇ ಸತ್ತುಹೋಯಿತು. ಕೊನೆಗೆ ಸಾರು ಎಲೆಯ ಅಂಚು ದಾಟಿ, ಮೇಜಿನ ಅಂಚೂ ದಾಟಿ, ಅತ್ತೆಯ ಹೊಸ ಸೀರೆಯ ಮೇಲೆ ಇಳಿಯಿತು. ನೆಲದಲ್ಲಿ ಕೂತಾಗ ಸಾರು ಹರಿದರೆ ನೆಲಕ್ಕೆ ಹರಿಯುತ್ತದೆ. ಮೇಜಿನಿಂದ ಹರಿದರೆ ಮಡಿಲಿಗೇ ಬರುತ್ತದೆ.

ಆವತ್ತು ಕಲಿತದ್ದರ ಮೇಲೆಯೇ ಈ ಇಡೀ ಕ್ರಮ ನಿಂತಿದೆ. ನಮ್ಮದು ಬಡಿಸಿ ಉಣ್ಣುವ ಊಟ. ಎಲ್ಲರೂ ಒಮ್ಮೆಗೇ ಕೂತು ಪಾತ್ರೆ ದಾಟಿಸಿಕೊಳ್ಳುವ ಊಟ ಅಲ್ಲ. ಒಬ್ಬರು ನಿಂತಿರುತ್ತಾರೆ, ಅವರ ಕೈಯಲ್ಲಿ ಸೌಟು ಇರುತ್ತದೆ. ಮೇಜು ಜೋಡಿಸುವಾಗ ಆ ಕೈ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಬೇಕು. ಅಂದ ಆಮೇಲೆ ತಾನಾಗಿ ಬರುತ್ತದೆ.

ಮೊದಲು ಅಳತೆ

ಸಾಮಾನ್ಯವಾಗಿ ಆರು ಜನರ ಮೇಜು ಅಂದರೆ ಆರು ಅಡಿ ಉದ್ದ, ಮೂರು ಅಡಿ ಅಗಲ. ಅಂದರೆ ಸುಮಾರು 180 ಸೆಂಟಿಮೀಟರ್, 90 ಸೆಂಟಿಮೀಟರ್. ಒಂದು ಬದಿಗೆ ಮೂರು ಜನ ಕೂತರೆ ಒಬ್ಬರಿಗೆ 60 ಸೆಂಟಿಮೀಟರ್ ಸಿಗುತ್ತದೆ. ಅದಕ್ಕಿಂತ ಕಡಿಮೆ ಬೇಡ, ಮೊಣಕೈಗೆ ಮೊಣಕೈ ತಾಗುತ್ತದೆ.

ಈಗ ಎಲೆ. 45 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಕುಡಿ ಎಲೆ ಇದ್ದರೆ ಧಾರಾಳ. ಎರಡೂ ಬದಿಯಲ್ಲಿ ಮೇಜಿನ ಅಂಚಿನಿಂದ ಎರಡು ಬೆರಳು ಜಾಗ ಬಿಟ್ಟು ಎಲೆ ಹಾಕಿ. ನಡುವೆ ಎಷ್ಟು ಉಳಿಯಿತು? ಸುಮಾರು 22 ಸೆಂಟಿಮೀಟರ್. ಸರಿಯಾಗಿ ಒಂದು ಗೇಣು. ನಿಮ್ಮ ಎಲ್ಲ ಅಲಂಕಾರಕ್ಕೆ ಇರುವುದು ಆ ಒಂದು ಗೇಣು ಮಾತ್ರ. ಇದನ್ನು ಕಾಗದದ ಮೇಲೆ ಬರೆದು ನೋಡಿದ ದಿನ ನನಗೆ ನಿಜಕ್ಕೂ ಸಮಾಧಾನ ಆಯಿತು. ಏನೇನು ಇಡಬೇಕು ಅನ್ನುವ ಗೊಂದಲ ಅರ್ಧ ಅಲ್ಲಿಗೇ ಮುಗಿಯಿತು.

ಮೇಜನ್ನು ಗೋಡೆಗೆ ಅಂಟಿಸಿ ಇಡಬೇಡಿ. ಕುರ್ಚಿಯಲ್ಲಿ ಜನ ಕೂತ ಮೇಲೂ ಹಿಂದೆ ಎರಡು ಅಡಿ ದಾರಿ ಇರಬೇಕು. ಬಡಿಸುವವರು ಓಡಾಡುವುದು ಅಲ್ಲೇ ಅಲ್ವಾ. ಜಾಗ ಸಣ್ಣದಿದ್ದರೆ ಇನ್ನೊಂದು ಉಪಾಯ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಮೇಜಿನ ಒಂದೇ ಬದಿಯಲ್ಲಿ ಜನರನ್ನು ಕೂರಿಸಿ, ನೆಲದಲ್ಲಿ ಸಾಲಾಗಿ ಕೂತು ಉಣ್ಣುವ ಹಂತಿ ಊಟದ ಹಾಗೆ. ಎದುರು ಬದಿ ಪೂರ್ತಿ ಖಾಲಿ. ಬಡಿಸುವವರು ಎದುರಿನಿಂದ, ಮುಖ ನೋಡಿಕೊಂಡೇ ಬಡಿಸಬಹುದು. ಮೂರು ಜನರಿಗೆ ಇದಕ್ಕಿಂತ ಚಂದದ ಕ್ರಮ ಇಲ್ಲ.

ವಾರದ ಮೊದಲು: ಹಳೆ ಸೀರೆಯ ಹಾಸು

ಇಡೀ ಮೇಜಿಗೆ ಬಟ್ಟೆ ಹಾಸಬೇಡಿ. ನಮ್ಮ ಊಟದಲ್ಲಿ ಅರಿಶಿನ ಇದೆ, ತೆಂಗಿನೆಣ್ಣೆ ಇದೆ, ಸಾರು ಇದೆ. ಎಲೆಯ ಕೆಳಗೆ ಬರಿ ಮರ ಇರಲಿ. ನಡುವಿನ ಆ ಒಂದು ಗೇಣಿಗೆ ಮಾತ್ರ ಒಂದು ಪಟ್ಟಿ ಬಟ್ಟೆ.

ನಾನು ಬಳಸುವುದು ಹಳೆಯ ಉಡುಪಿ ಸೀರೆ. ನಮ್ಮ ಅಜ್ಜಿಯಂದಿರು ದಿನಾ ಉಡುತ್ತಿದ್ದ ಹತ್ತಿಯ ಕೈಮಗ್ಗದ ಸೀರೆ. ಮೈಯ ಬಣ್ಣ ತಿಳಿ, ಅಂಚಿನ ಬಣ್ಣ ಗಾಢ. ಹಗುರ. ಈಗ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ, ಕಿನ್ನಿಗೋಳಿ ಹತ್ತಿರದ ತಾಳಿಪಾಡಿಯ ನೇಕಾರರು ಇನ್ನೂ ನೇಯುತ್ತಿದ್ದಾರೆ. ಹೊಸ ಸೀರೆಗೆ ದಯವಿಟ್ಟು ಕತ್ತರಿ ಹಾಕಬೇಡಿ. ನಡುವೆ ಹರಿದು, ಅಂಚು ಮಾತ್ರ ಗಟ್ಟಿ ಉಳಿದ ಒಂದು ಸೀರೆ ಪ್ರತಿ ಮನೆಯ ಕಪಾಟಿನಲ್ಲೂ ಇರುತ್ತದೆ. ಅದನ್ನು ತೆಗೆಯಿರಿ.

ಎರಡೂ ಅಂಚುಗಳನ್ನು 12 ಸೆಂಟಿಮೀಟರ್ ಅಗಲಕ್ಕೆ, 240 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಎರಡು ಪಟ್ಟಿಗಳ ಕತ್ತರಿಸಿದ ಬದಿಗಳನ್ನು ಒಂದಕ್ಕೊಂದು ಸೇರಿಸಿ ನಡುವೆ ಒಂದು ಹೊಲಿಗೆ ಹಾಕಿ. ಆಗ ಅಂಚು ಎರಡೂ ಬದಿಗೆ ಬರುತ್ತದೆ, ಅಗಲ ಒಂದು ಗೇಣು ಆಗುತ್ತದೆ. 180ರ ಮೇಜಿಗೆ ಎರಡು ತುದಿಯಲ್ಲೂ 30 ಸೆಂಟಿಮೀಟರ್ ಇಳಿಬೀಳುತ್ತದೆ. ತುದಿ ಮಡಚಿ ಹೊಲಿದರೆ ಕೆಲಸ ಮುಗಿಯಿತು.

ಇದಕ್ಕೆ ಗಂಜಿ ಹಾಕಲೇಬೇಕು. ಗಂಜಿ ಇಲ್ಲದ ಹತ್ತಿ ಬಟ್ಟೆ ಮೇಜಿನ ಮೇಲೆ ಸೋತು ಮಲಗಿದ ಹಾಗೆ ಕಾಣುತ್ತದೆ. ಆದರೆ ಕುಚ್ಚಲಕ್ಕಿ ಗಂಜಿ ಹಾಕಬೇಡಿ, ತಿಳಿ ಬಣ್ಣದ ಬಟ್ಟೆಗೆ ಅದರ ಕೆಂಪು ಹತ್ತುತ್ತದೆ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ತಿಳಿ ಬೇಕು. ಒಂದು ಲೋಟ ದಪ್ಪ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ನಾಲ್ಕು ಲೋಟ ನೀರು ಸೇರಿಸಿ, ಪಟ್ಟಿಯನ್ನು ಅದ್ದಿ, ಹಿಂಡದೆ ನೆರಳಲ್ಲಿ ಒಣಗಿಸಿ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಕಿ. ಪೂರ್ತಿ ಒಣಗಿದ ಮೇಲೆ ಇಸ್ತ್ರಿ ಮಾಡಿದರೆ ಆ ನೆರಿಗೆ ಹೋಗುವುದೇ ಇಲ್ಲ.

ಕೈ ಒರೆಸಲು ಕಾಗದ ಬೇಡ. ತೆಳು ಬಿಳಿ ಬೈರಾಸು (ಟವೆಲ್) ಒಂದು ತಂದು ತುಂಡು ಮಾಡಿದರೆ ಸಾಕು. ಮಡಚಿ ಕುರ್ಚಿಯ ಮೇಲೆ ಇಡಿ. ಎಲೆಯ ಪಕ್ಕದಲ್ಲಿ ಇಟ್ಟರೆ ಜಾಗ ತಿನ್ನುತ್ತದೆ.

ಹಿಂದಿನ ದಿನ: ಹಿತ್ತಾಳೆ, ಹಂಚು, ನೀರು

ಹಿತ್ತಾಳೆಯ ಒಂದು ಸಣ್ಣ ಉರುಳಿ, ಅಗಲ ಬಾಯಿಯ ಪಾತ್ರೆ, ಸಾಕು. ಬಾಯಿಯ ಅಗಲ 18 ಸೆಂಟಿಮೀಟರ್ ದಾಟದಿರಲಿ, ಒಂದು ಗೇಣಿನೊಳಗೆ ಕೂರಬೇಕಲ್ಲ. ತೊಳೆಯಲು ಹುಣಸೆ ಹುಳಿ ಆಗುತ್ತದೆ. ಆದರೆ ಈ ತಿಂಗಳಲ್ಲಿ ಹಿತ್ತಿಲಿನಲ್ಲಿ ಹುಳಿ ಕಾಯಿ ಬಿಡುವ ಬಿಂಬುಳಿ ಮರದ ಬುಡದಲ್ಲಿ ಕಾಯಿ ಉದುರಿ ಬಿದ್ದಿರುತ್ತದೆ. ನಾಲ್ಕು ಬಿಂಬುಳಿಯನ್ನು ಅಡ್ಡ ಸೀಳಿ, ಸ್ವಲ್ಪ ಉಪ್ಪು ಮುಟ್ಟಿಸಿ ಉಜ್ಜಿ ನೋಡಿ. ಕಪ್ಪು ಕಣ್ಣೆದುರೇ ಬಿಡುತ್ತದೆ. ಕೂಡಲೇ ತೊಳೆದು ಒಣ ಬಟ್ಟೆಯಲ್ಲಿ ಒರೆಸಬೇಕು. ನೀರು ತಾನಾಗಿ ಆರಲು ಬಿಟ್ಟರೆ ಕಲೆ ಕಲೆ ಆಗುತ್ತದೆ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ, ಉಪ್ಪಿನಕಾಯಿ ಯಾವುದನ್ನೂ ಇಡಬೇಡಿ. ಅದು ಹೂವಿಗೆ ಮಾತ್ರ.

ಬಿಸಿ ಪಾತ್ರೆ ಇಡಲು ನಾನು ಮಂಗಳೂರು ಹಂಚು ಇಡುತ್ತೇನೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಊರಿನ ಮನೆ ಮಾಡುಗಳ (ಛಾವಣಿಗಳ) ಬಣ್ಣವೇ ಬದಲಾಯಿತು. ಹಳೆ ಮನೆ ಕೆಡವಿದ ಕಡೆ ಈಗಲೂ ಹಂಚು ರಾಶಿ ಬಿದ್ದಿರುತ್ತದೆ. ಕಂಪೆನಿಯ ಹೆಸರು ಒತ್ತಿದ ಒಳ್ಳೆ ಹಂಚು ಒಂದನ್ನು ಆರಿಸಿ ತನ್ನಿ. ತೆಂಗಿನ ನಾರಿನ ಬ್ರಷ್‌ನಿಂದ ಪಾಚಿ ಉಜ್ಜಿ ತೊಳೆದು, ಒಂದು ದಿನ ಬಿಸಿಲಲ್ಲಿ ಒಣಗಿಸಿ. ಹಂಚು ನೀರು ಕುಡಿಯುತ್ತದೆ, ಒಣಗದೆ ಇಟ್ಟರೆ ಮರದ ಮೇಜಿಗೆ ಬಿಳಿ ಕಲೆ ಬೀಳುತ್ತದೆ. ಅಡಿಗೆ ಹಳೆ ಬೈರಾಸಿನ ತುಂಡು ಹಾಕಿ. ಮಣ್ಣಿನ ಕೆಂಪು ಮತ್ತು ಎಲೆಯ ಹಸಿರು ಪಕ್ಕ ಪಕ್ಕ ಬಂದಾಗ ಬೇರೆ ಬಣ್ಣವೇ ಬೇಡ ಅನಿಸುತ್ತದೆ. ಹಂಚು ಮೇಜಿನ ನಡುವೆ ಬೇಡ, ಬಡಿಸುವವರು ನಿಲ್ಲುವ ತುದಿಯಲ್ಲಿ ಇರಲಿ.

ಮಣ್ಣಿನ ಹೂಜಿಗೆ ರಾತ್ರಿಯೇ ನೀರು ತುಂಬಿ. ಲಾವಂಚದ ಬೇರಿದ್ದರೆ ಮಣ್ಣು ಹೋಗುವ ತನಕ ಮೂರು ನಾಲ್ಕು ಸಲ ತೊಳೆದು, ಒಂದು ಹಿಡಿ ನೀರಿಗೆ ಹಾಕಿ. ಬೆಳಿಗ್ಗೆಗೆ ನೀರಿನಲ್ಲಿ ಮಳೆ ಬಿದ್ದ ಮಣ್ಣಿನ ಪರಿಮಳ ಬಂದಿರುತ್ತದೆ.

ಹೂ: ಕಡಿಮೆ ಸಾಕು

ಉಡುಪಿಯವರು ಮಲ್ಲಿಗೆ ಅಂದರೆ ಶಂಕರಪುರ ಮಲ್ಲಿಗೆ. ಬಾಳೆ ನಾರಿನಲ್ಲಿ ಕಟ್ಟಿದ 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಿಸು ಹೊತ್ತಿಗೆ ಮದುವೆಗಳೂ ಇರುತ್ತವೆ, ದರ ಏರಿರುತ್ತದೆ. ನಿಮಗೆ ಬೇಕಾದ್ದು ಒಂದೇ ಚೆಂಡು. ಅದನ್ನೂ ಮೇಜಿನ ಮೇಲೆ ಇಡಬೇಡಿ. ಬಾಗಿಲ ಹತ್ತಿರ, ನೆಂಟರು ಕೈಕಾಲು ತೊಳೆದು ಬರುವ ಜಾಗದಲ್ಲಿ, ಒಂದು ಬಾಳೆಲೆಯ ತುಂಡಿನ ಮೇಲೆ ಇಡಿ. ಒಬ್ಬೊಬ್ಬರಿಗೆ ಒಂದು ತುಂಡು ಮುಡಿಯಲು ಕೊಡಿ. ಪರಿಮಳ ಮನೆಗೆ ಬರಬೇಕು, ಅನ್ನದ ಮೇಲೆ ಬರಬಾರದು. ಸುರಗಿ, ಸಂಪಿಗೆಗೂ ಇದೇ ಮಾತು. ಎರಡೂ ಬಹಳ ಚಂದ, ಎರಡೂ ಊಟದ ಮೇಜಿಗೆ ಜಾಸ್ತಿ ಆಗುತ್ತವೆ.

ಮೇಜಿಗೆ ಪರಿಮಳ ಇಲ್ಲದ ಹೂ ಬೇಕು. ಕೇಪಳ ಇದಕ್ಕೆ ಹೇಳಿ ಮಾಡಿಸಿದ್ದು. ಕೆಂಪು ಗೊಂಚಲು, ಗಟ್ಟಿ ಹೂ, ಫ್ಯಾನ್ ಗಾಳಿಗೆ ಹಾರುವುದಿಲ್ಲ. ಇಲ್ಲವಾದರೆ ಕಕ್ಕೆ ಹೂ, ಕಣಿಗೆ ತಂದದ್ದರಲ್ಲೇ ಒಂದು ಗೊಂಚಲು. ಅದರ ಹಳದಿ ಎಸಳು ಬೇಗ ಉದುರುತ್ತದೆ, ಹಾಗಾಗಿ ನೀರಿನ ಮೇಲೆಯೇ ಇಡಿ, ಉದುರಿದರೂ ಅಲ್ಲೇ ತೇಲುತ್ತದೆ.

ನನ್ನ ಮೆಚ್ಚಿನದು ಮಾತ್ರ ಹೂವೇ ಅಲ್ಲ, ಮಾವಿನ ಚಿಗುರು. ಹೊಸ ಎಲೆ ಹಸಿರಾಗುವ ಮೊದಲು ನಾಲ್ಕು ದಿನ ತಾಮ್ರದ ಬಣ್ಣದಲ್ಲಿ ಇರುತ್ತದೆ. ಮುಟ್ಟಿದರೆ ರೇಷ್ಮೆಯ ಹಾಗೆ, ಇನ್ನೂ ಮೆತ್ತಗೆ ಜೋತು ಬಿದ್ದಿರುತ್ತದೆ. ಬೆಳಿಗ್ಗೆ ಬಿಸಿಲು ಏರುವ ಮೊದಲು, ಏಳು ಗಂಟೆಯೊಳಗೆ ಎರಡು ಸಣ್ಣ ಗೆಲ್ಲು ಕತ್ತರಿಸಿ. ಕತ್ತರಿಸಿದ ಕಡೆ ಸೊನೆ ಬರುತ್ತದೆ. ಅದು ಚರ್ಮ ಸುಡುತ್ತದೆ, ಬಟ್ಟೆಗೆ ತಾಗಿದರೆ ಕಲೆ ಬಿಡುತ್ತದೆ. ಹಾಗಾಗಿ ಸ್ವಲ್ಪ ಹೊತ್ತು ತಲೆಕೆಳಗಾಗಿ ಹಿಡಿದು ಸೊನೆ ಇಳಿಸಿ, ತೊಳೆದು, ಎರಡು ಗಂಟೆ ಬಕೆಟ್ ನೀರಿನಲ್ಲಿ ಕುತ್ತಿಗೆಯ ತನಕ ಮುಳುಗಿಸಿ ಇಡಿ. ಹೀಗೆ ನೀರು ಕುಡಿಸಿದ ಚಿಗುರು ಊಟ ಮುಗಿಯುವ ತನಕ ಬಾಡುವುದಿಲ್ಲ. ನೇರ ತಂದು ಇಟ್ಟರೆ ಅರ್ಧ ಗಂಟೆಯಲ್ಲಿ ಸುರುಟಿಕೊಳ್ಳುತ್ತದೆ.

ಉರುಳಿಯಲ್ಲಿ ಮುಕ್ಕಾಲು ನೀರು, ಒಂದು ಗೊಂಚಲು ಕೇಪಳ, ಬದಿಗೆ ಮಾವಿನ ಚಿಗುರು. ಅಷ್ಟೇ. ಎತ್ತರಕ್ಕೆ ಒಂದು ಪರೀಕ್ಷೆ ಇದೆ: ಕುರ್ಚಿಯಲ್ಲಿ ಕೂತು, ಮೊಣಕೈ ಮೇಜಿಗೆ ಊರಿ, ಕೈ ನೇರ ಎತ್ತಿ. ಯಾವುದೂ ನಿಮ್ಮ ಮಣಿಕಟ್ಟು ದಾಟಬಾರದು. ದಾಟಿದರೆ ಎದುರಿನವರ ಮುಖ ಕಾಣುವುದಿಲ್ಲ.

ಹಿಂಗಾರದ ಬಗ್ಗೆ ಕೇಳುವವರಿದ್ದಾರೆ. ಅಡಿಕೆಯ ಹಿಂಗಾರ ನೋಡಲು ಎಷ್ಟು ಚಂದ, ಮೇಜಿಗೆ ಇಟ್ಟರೆ ಆಗದಾ ಅಂತ. ನಾನು ಇಡುವುದಿಲ್ಲ. ಅದು ನಾಗನಿಗೆ, ದೈವಕ್ಕೆ ಸಲ್ಲುವ ಹೂ. ಊಟದ ಮೇಜಿನ ಮೇಲೆ ನೋಡಿದರೆ ನಮ್ಮ ಹಿರಿಯರಿಗೆ ಮನಸ್ಸಿಗೆ ಸರಿ ಆಗುವುದಿಲ್ಲ.

ಹೂ ಸಿಗದಿದ್ದರೆ ತರಕಾರಿ ಇಡಿ. ಮಟ್ಟು ಊರಿನ ಬದನೆ, ಮಟ್ಟು ಗುಳ್ಳ ಸಿಕ್ಕಿದರೆ ಮೂರು ಗುಳ್ಳ ಸಾಕು. ತಿಳಿ ಹಸಿರು ಮೈ, ಮೇಲೆ ಬಿಳಿ ಗೆರೆ. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜ ಎಂದು ಊರಲ್ಲಿ ನಂಬಿಕೆ, 2011ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ತೊಟ್ಟಿನಲ್ಲಿ ಮುಳ್ಳಿರುತ್ತದೆ, ಮಕ್ಕಳ ಕೈ ಜಾಗ್ರತೆ. ಮರುದಿನ ಅದೇ ಗುಳ್ಳದ ಹುಳಿ.

ಗೇರು ಹಣ್ಣು ಇಡುವ ಆಸೆ ಎಲ್ಲರಿಗೂ ಬರುತ್ತದೆ. ಕೆಂಪು, ಹಳದಿ ಹೊಳೆಯುತ್ತಾ ಕೂತಿರುತ್ತದೆ. ಇಡಿ, ಆದರೆ ಬಟ್ಟೆಯ ಮೇಲೆ ಮಾತ್ರ ಬೇಡ. ಆ ರಸದ ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ಗೆರಟೆಯಲ್ಲೋ ಎಲೆಯ ತುಂಡಿನ ಮೇಲೋ ಇರಲಿ.

ಎಲೆ ಹಾಕುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಉಳಿದದ್ದೆಲ್ಲ ತಪ್ಪಿದರೂ ನಡೆಯುತ್ತದೆ, ಎಲೆ ಸರಿ ಆಗಬೇಕು.

ಮೊದಲು ಎಲೆಯ ಬೆನ್ನು ತಿರುಗಿಸಿ. ನಡುವಿನ ದಂಟು ಉಬ್ಬಿಕೊಂಡಿರುತ್ತದೆ. ನೆಲದಲ್ಲಿ ಅದು ಗೊತ್ತಾಗುವುದಿಲ್ಲ, ನುಣುಪಾದ ಮೇಜಿನ ಮೇಲೆ ಎಲೆ ತೊಟ್ಟಿಲಿನ ಹಾಗೆ ತೂಗುತ್ತದೆ. ಹರಿತವಾದ ಚೂರಿಯನ್ನು ಮಲಗಿಸಿ ಹಿಡಿದು ಆ ಉಬ್ಬನ್ನು ತೆಳುವಾಗಿ ಕೆತ್ತಿ ತೆಗೆಯಿರಿ. ಎಲೆ ತೂತಾಗಬಾರದು, ದಂಟು ಸಮ ಆದರೆ ಸಾಕು. ಆಮೇಲೆ ಒಲೆಯ ಸಣ್ಣ ಉರಿಯ ಮೇಲೆ ಒಂದು ಕೈ ಎತ್ತರದಲ್ಲಿ ಎಲೆಯನ್ನು ನಿಧಾನ ಆಡಿಸಿ. ಮಂಕು ಹಸಿರು ಇದ್ದದ್ದು ಒಮ್ಮೆಲೇ ಹೊಳೆಯುವ ಹಸಿರಾಗುತ್ತದೆ. ಕೂಡಲೇ ತೆಗೆಯಿರಿ. ಹೀಗೆ ಬಾಡಿಸಿದ ಎಲೆ ಮೆತ್ತಗಾಗಿ ಮೇಜಿಗೆ ಸರಿಯಾಗಿ ಕೂರುತ್ತದೆ, ಸೀಳುವುದೂ ಇಲ್ಲ. ಅಡಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಜಾರುವುದಿಲ್ಲ.

ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು. ಅಗಲದ ಭಾಗ ಬಲಕ್ಕೆ, ಬಲಗೈ ಆಡುವುದು ಅಲ್ಲೇ. ಅಂಚಿನಿಂದ ಎರಡು ಬೆರಳು ಒಳಗೆ. ಸಾರು ಹರಿಯುವ ಹೆದರಿಕೆ ಇದ್ದರೆ ಎಲೆಯ ಕೆಳಗೆ ಅಡಿಕೆ ಹಾಳೆಯ ದೊಡ್ಡ ತಟ್ಟೆ ಇಡಿ. ಅದರ ಅಂಚು ಎತ್ತರ ಇರುತ್ತದೆ, ಎಲೆಯ ಬದಿಗಳು ಸ್ವಲ್ಪ ಮೇಲೇಳುತ್ತವೆ. ನಮ್ಮಲ್ಲಿ ಈಗ ಮಕ್ಕಳಿಗೆ, ಕೈ ನಡುಗುವ ಹಿರಿಯರಿಗೆ ಇದೇ ಕ್ರಮ. ಅವರಿಗೆ ಸಾರನ್ನು ಬೇರೆ ಬಟ್ಟಲಿನಲ್ಲೇ ಕೊಡಿ.

ಲೋಟ ಎಡಕ್ಕೆ. ಬಲಗೈಯಲ್ಲಿ ಉಣ್ಣುವಾಗ ನೀರಿಗೆ ಹೋಗುವುದು ಎಡಗೈ ಅಲ್ವಾ. ಎರಡು ಎಲೆಗಳ ನಡುವೆ 15 ಸೆಂಟಿಮೀಟರ್ ಜಾಗ ಇದೆ, ಲೋಟ ಅಲ್ಲೇ ಕೂರುತ್ತದೆ. ಪುನರ್ಪುಳಿ (ಕೋಕಂ) ಶರಬತ್ತು ಮಾಡಿದ್ದರೆ ಅದಕ್ಕೆ ಗಾಜಿನ ಲೋಟ ಕೊಡಿ. ಆ ಬಣ್ಣ ಸ್ಟೀಲಿನೊಳಗೆ ಅಡಗಬಾರದು.

ಜನ ಕೂರುವ ಮೊದಲು, ಕೂತ ಮೇಲೆ

ನೆಲದ ಹಂತಿಯಲ್ಲಿ ಬಡಿಸುವವರು ಎಲೆಯ ಎದುರು ನಡೆಯುತ್ತಾರೆ. ಎರಡು ಬದಿ ಜನ ಕೂತ ಮೇಜಿನಲ್ಲಿ ಅದು ಆಗುವುದಿಲ್ಲ, ಹಿಂದಿನಿಂದ ಬರಬೇಕು. ಎಲೆಯ ಮೇಲಿನ ಅರ್ಧಕ್ಕೆ ಬಡಿಸಲು ಉಣ್ಣುವವರ ಹೆಗಲ ಮೇಲಿಂದ ಕೈ ಚಾಚಬೇಕಾಗುತ್ತದೆ. ಅದಕ್ಕೇ ಮೇಲಿನ ಸಾಲು ಪೂರ್ತಿ ಜನ ಬರುವ ಮೊದಲೇ ಬಡಿಸಿ ಮುಗಿಸಿ. ಎಡ ಮೂಲೆಯಿಂದ ಉಪ್ಪು, ಉಪ್ಪಿನಕಾಯಿ, ಚಟ್ನಿ, ಕೋಸಂಬರಿ, ಪಲ್ಯ. ಬಿಸು ದಿನ ನಮ್ಮಲ್ಲಿ ತೊಂಡೆಕಾಯಿ ಮತ್ತು ಹಸಿ ಗೇರುಬೀಜದ ಪಲ್ಯ ಇದ್ದೇ ಇರುತ್ತದೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಸೇರಿಸಿ, ಇಲ್ಲದಿದ್ದರೆ ನೀರು ಬಿಟ್ಟು ಪಲ್ಯದ ಕಡೆ ಹರಿಯುತ್ತದೆ. ಕೂತ ಮೇಲೆ ಉಳಿಯುವುದು ಅನ್ನ, ತುಪ್ಪ, ಸಾರು, ಹುಳಿ, ಪಾಯಸ, ಮಜ್ಜಿಗೆ. ಎಲ್ಲವೂ ಎಲೆಯ ಕೆಳಗಿನ ಅರ್ಧಕ್ಕೆ. ಬಲಬದಿಯಿಂದ ಬಗ್ಗಿ ಬಡಿಸಬಹುದು.

ಈ ಸಾಲು ಬಡಿಸಿದ ಮೇಲೆ ಒಮ್ಮೆ ದೂರ ನಿಂತು ನೋಡಿ. ಹಸಿರು ಎಲೆಯ ಮೇಲೆ ಬಿಳಿ ಉಪ್ಪು, ಕೆಂಪು ಉಪ್ಪಿನಕಾಯಿ, ಹಳದಿ ಕೋಸಂಬರಿ. ಮೇಜಿನ ಬಣ್ಣ ಇದೇ. ಇನ್ನೂ ಏನಾದರೂ ಇಡಬೇಕು ಅನಿಸಿದರೆ ಇಡಬೇಡಿ, ಬದಲಿಗೆ ಒಂದನ್ನು ತೆಗೆದು ನೋಡಿ. ನಾನು ಪ್ರತಿ ವರ್ಷ ಇಲ್ಲಿ ಏನಾದರೂ ಒಂದು ತೆಗೆಯುತ್ತೇನೆ.

ದೀಪ ಮಧ್ಯಾಹ್ನದ ಮೇಜಿಗೆ ಬೇಡವೇ ಬೇಡ. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಬೇಕೇ ಬೇಕು, ಫ್ಯಾನ್ ಕೆಳಗೆ ದೀಪ ನಿಲ್ಲುವುದಿಲ್ಲ. ಕಣಿಯ ಮುಂದೆ ಹಚ್ಚಿದ್ದು ಇದೆಯಲ್ಲ. ಫ್ಯಾನನ್ನು ನಡು ವೇಗದಲ್ಲಿ ಇಡಿ, ಎಲೆಯ ಖಾಲಿ ಅಂಚು ಮಗುಚದ ಹಾಗೆ.

ಬಾಗಿಲಲ್ಲಿ ಬೆಲ್ಲ ನೀರು ಕೊಡಲು ಮರೆಯಬೇಡಿ. ಬಿಸಿಲಲ್ಲಿ ಬಂದವರು ಒಂದು ತುಂಡು ಬೆಲ್ಲ ಬಾಯಿಗೆ ಹಾಕಿ, ಹೂಜಿಯ ನೀರು ಕುಡಿದು, ಮಲ್ಲಿಗೆ ಮುಡಿದು, ಸ್ವಲ್ಪ ದಣಿವಾರಿಸಿಕೊಳ್ಳಲಿ. ಅಷ್ಟರಲ್ಲಿ ಮೇಲಿನ ಸಾಲು ಬಡಿಸಿ ಆಗಿರುತ್ತದೆ. ಆಮೇಲೆ ಕರೆಯಿರಿ: ಎಲೆ ಹಾಕಿ ಆಯ್ತು, ಬನ್ನಿ.

ಊಟ ಆದ ಮೇಲೆ

ನಡುವಿನ ಪಟ್ಟಿಗೆ ಎಷ್ಟು ಜಾಗ್ರತೆ ಮಾಡಿದರೂ ಒಂದೆರಡು ಕಡೆ ಅರಿಶಿನ ತಾಗಿಯೇ ತಾಗುತ್ತದೆ. ಕಲೆಗೆ ನೇರ ಸೋಪು ಹಚ್ಚಬೇಡಿ, ಹಳದಿ ಕೆಂಪಾಗುತ್ತದೆ. ತಣ್ಣೀರಿನಲ್ಲಿ ಜಾಲಿಸಿ, ಎಣ್ಣೆ ಇದ್ದರೆ ಸ್ವಲ್ಪ ಕಡಲೆಹಿಟ್ಟು ಹಾಕಿ ತಿಕ್ಕಿ ತೊಳೆಯಿರಿ. ಹಸಿ ಇರುವಾಗಲೇ, ಕಲೆಯ ಬದಿ ಮೇಲೆ ಮಾಡಿ, ಅಂಗಳದ ಹಗ್ಗಕ್ಕೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಮೊದಲ ದಿನ ಸ್ವಲ್ಪ ಉಳಿದರೆ ಮರುದಿನ ಇನ್ನೊಮ್ಮೆ ನೆನೆಸಿ ಹಾಕಿ. ಪಗ್ಗುವಿನ ಬಿಸಿಲು ಎರಡೇ ದಿನದಲ್ಲಿ ಅದನ್ನು ತೆಗೆದುಬಿಡುತ್ತದೆ. ಒಣಗಿದ ಪಟ್ಟಿಯನ್ನು ಗಂಜಿ ಹಾಕದೆಯೇ ಮಡಚಿ ಇಡಿ. ಗಂಜಿ ಇದ್ದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.